ಬೀಡಿ ಬಿಟ್ಟರೆ ಹೊಟ್ಟೆ ಬರುತ್ತದೆಯೇ? ಕೊಬ್ಬರಿ ನಾಡಿನ ಒಂದು ಹಿಡಿ ಲೆಕ್ಕ

ಬೀಡಿ, ಸಿಗರೇಟು ಬಿಟ್ಟವರು ದಪ್ಪಗಾಗುತ್ತಾರೆ, ದಪ್ಪಗಾದ ಮೇಲೆ ಸಕ್ಕರೆ ಕಾಯಿಲೆ ಬರುತ್ತದೆ, ಆದ್ದರಿಂದ ಬಹಳ ವರ್ಷ ಸೇದಿದವರು ಇದ್ದಕ್ಕಿದ್ದಂತೆ ಬಿಡಬಾರದು ಎಂಬರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಅದರ ಹಿಂದೆಯೇ ಪರಿಹಾರದ ಫಾರ್ವರ್ಡ್‌ಗಳೂ ಬರುತ್ತವೆ: ಖಾಲಿ ಹೊಟ್ಟೆಗೆ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿಯಿರಿ, ಮೂರು ದಿನ ಎಳನೀರು ಕುಡಿದರೆ ನಿಕೋಟಿನ್ ತೊಳೆದು ಹೋಗುತ್ತದೆ, ಬೆಲ್ಲ ತಿಂದರೆ ಶ್ವಾಸಕೋಶದ ಹೊಗೆ ಕರಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಓದುಗರಿಗೆ ಈ ಸಂದೇಶಗಳು ಹೆಚ್ಚು ನಾಟುತ್ತವೆ. ಕೊಬ್ಬರಿ, ಎಳನೀರು, ಬೆಲ್ಲ ಮೂರೂ ಮನೆಯಲ್ಲೇ ಇರುವ ವಸ್ತುಗಳು. ದುಡ್ಡು ಕೊಟ್ಟು ತರಬೇಕಿಲ್ಲ, ಪರೀಕ್ಷೆ ಮಾಡಿ ನೋಡಿದರೆ ನಷ್ಟವೇನು ಅನಿಸುತ್ತದೆ. ನಷ್ಟ ಇದೆ. ಎಲ್ಲಿ ಇದೆ ಎಂದು ಒಂದೊಂದಾಗಿ ನೋಡೋಣ.

ಮೊದಲು ನಿಜದ ಭಾಗ

ಸೇದುವುದು ಬಿಟ್ಟರೆ ತೂಕ ಏರುತ್ತದೆ ಎನ್ನುವುದು ಸುಳ್ಳಲ್ಲ. ಹೆಚ್ಚಿನವರಿಗೆ ಏರುತ್ತದೆ. ಇದನ್ನು ಮುಚ್ಚಿಟ್ಟು 'ಏನೂ ಆಗಲ್ಲ, ಬಿಡಿ' ಎಂದು ಹೇಳುವವರು ಸಹಾಯಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತಾರೆ. ಎರಡನೇ ತಿಂಗಳಿಗೆ ಪ್ಯಾಂಟು ಬಿಗಿಯಾದಾಗ ಮನುಷ್ಯ ಗಾಬರಿಯಾಗಿ ಮತ್ತೆ ಬೀಡಿಗೆ ಕೈ ಹಾಕುತ್ತಾನೆ.

ಎಷ್ಟು ಏರುತ್ತದೆ? 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿತು. ಔಷಧಿಯ ನೆರವಿಲ್ಲದೆ ಬಿಟ್ಟವರ ತೂಕ ಮೊದಲ ತಿಂಗಳಲ್ಲಿ ಸರಾಸರಿ 1 ಕೆಜಿಗಿಂತ ಸ್ವಲ್ಪ ಹೆಚ್ಚು, ಮೂರು ತಿಂಗಳಿಗೆ 3 ಕೆಜಿಯ ಹತ್ತಿರ, ಒಂದು ವರ್ಷಕ್ಕೆ 4ರಿಂದ 5 ಕೆಜಿ ಏರಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲ ಮೂರು ತಿಂಗಳಲ್ಲೇ ಬರುತ್ತದೆ, ಆಮೇಲೆ ವೇಗ ತಗ್ಗುತ್ತದೆ. ಒಂದು ವರ್ಷದ ಕೊನೆಗೆ ನೂರರಲ್ಲಿ ಸುಮಾರು 16 ಮಂದಿಯ ತೂಕ ಇಳಿದಿತ್ತು, ಸುಮಾರು 13 ಮಂದಿಗೆ 10 ಕೆಜಿಗಿಂತ ಹೆಚ್ಚು ಏರಿತ್ತು. ಫಾರ್ವರ್ಡ್‌ಗಳಲ್ಲಿ ಬರುವ 'ಹತ್ತು ಹದಿನೈದು ಕೆಜಿ' ಆ 13 ಮಂದಿಯ ಕಥೆ. ಉಳಿದವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಹೇಳುವಂಥದ್ದೇನೂ ಇರುವುದಿಲ್ಲ.

ನಿಕೋಟಿನ್ ಮಾಡುತ್ತಿದ್ದ ಎರಡು ಕೆಲಸ

ಒಂದು, ಹಸಿವನ್ನು ಅದುಮುವುದು. ಮಿದುಳಿನ ತಳಭಾಗದಲ್ಲಿ ಹೈಪೋಥಲಮಸ್ ಎಂಬ ಭಾಗವಿದೆ. ಹೊಟ್ಟೆ ತುಂಬಿತು, ಸಾಕು ಎಂದು ಹೇಳುವ ನರಕೋಶಗಳು ಅಲ್ಲಿವೆ. ನಿಕೋಟಿನ್ ಈ ಕೋಶಗಳನ್ನು ಚುಚ್ಚಿ ಎಬ್ಬಿಸುತ್ತದೆ ಎಂದು 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಇಲಿಗಳ ಮೇಲಿನ ಸಂಶೋಧನೆ ತೋರಿಸಿತು. ಬೆಳಿಗ್ಗೆ ಒಂದು ಟೀ, ಎರಡು ಬೀಡಿಯಲ್ಲೇ ಹನ್ನೊಂದು ಗಂಟೆಯವರೆಗೆ ತಳ್ಳುವವರನ್ನು ಎಲ್ಲರೂ ನೋಡಿದ್ದೇವೆ. ಅವರಿಗೆ ಹಸಿವೇ ಇರಲಿಲ್ಲ ಎಂದಲ್ಲ. ಹಸಿವಿನ ಗಂಟೆಯನ್ನು ಯಾರೋ ಕೈಯಿಂದ ಹಿಡಿದಿದ್ದರು, ಅಷ್ಟೆ.

ಎರಡು, ದೇಹ ಸುಮ್ಮನಿದ್ದಾಗಲೂ ಸ್ವಲ್ಪ ಹೆಚ್ಚು ಇಂಧನ ಸುಡುವಂತೆ ಮಾಡುವುದು. ಎದೆಬಡಿತ ಏರಿಸುತ್ತದೆ, ಒತ್ತಡದ ರಾಸಾಯನಿಕಗಳನ್ನು ಬಿಡಿಸುತ್ತದೆ. 1986ರಲ್ಲಿ ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಎಂಟು ಮಂದಿ ಧೂಮಪಾನಿಗಳನ್ನು ಶಕ್ತಿಬಳಕೆ ಅಳೆಯುವ ಕೋಣೆಯಲ್ಲಿ ಒಂದು ದಿನ ಸೇದಲು ಬಿಟ್ಟು, ಇನ್ನೊಂದು ದಿನ ಸೇದಲು ಬಿಡದೆ ಇಟ್ಟರು. ಸೇದಿದ ದಿನ ದೇಹ ಸುಮಾರು 10% ಹೆಚ್ಚು, ಅಂದರೆ ಸುಮಾರು 200 ಕ್ಯಾಲೊರಿ ಹೆಚ್ಚು ಸುಟ್ಟಿತ್ತು. ಇದು ದಿನಕ್ಕೆ ಒಂದು ಪ್ಯಾಕಿಗಿಂತ ಹೆಚ್ಚು ಸೇದಿದಾಗಿನ ಲೆಕ್ಕ. ಕಡಿಮೆ ಸೇದುವವರಿಗೆ ಕಡಿಮೆ.

ಈ 200ರ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಇದರ ಸುತ್ತಲೇ ಇದೆ.

ಇವೆರಡರ ಜೊತೆಗೆ ಮೂರನೆಯದೊಂದು ಸೇರುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಮೂಗು, ನಾಲಿಗೆ ಚುರುಕಾಗುತ್ತವೆ. ಒಗ್ಗರಣೆಯ ವಾಸನೆ ಪಡಸಾಲೆಗೇ ಬಂದು ಕರೆಯುತ್ತದೆ. ಕೈಗೂ ಬಾಯಿಗೂ ಕೆಲಸವಿಲ್ಲ. ದಿನಕ್ಕೆ ಇಪ್ಪತ್ತು ಬೀಡಿ ಸೇದುವವನ ಕೈ ಒಂದು ದಿನದಲ್ಲಿ ನೂರಾರು ಸಲ ಬಾಯಿಗೆ ಹೋಗುತ್ತಿತ್ತು. ಆ ಕೈಗೆ ಈಗ ಏನಾದರೂ ಬೇಕು. ಏನು ಸಿಗುತ್ತದೆ ಎನ್ನುವುದು ನೀವು ಎಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ.

ಅಟ್ಟದ ಮೇಲಿನ ಉಂಡೆ ಕೊಬ್ಬರಿ

ತಿಪಟೂರು ಎಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ, ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಎಪಿಎಂಸಿ ಹರಾಜಿಗೆ. ಅಲ್ಲಿಂದ ಉತ್ತರ ಭಾರತಕ್ಕೆ, ಒಣಹಣ್ಣಿನ ಜೊತೆ ಮಾರಾಟವಾಗಲು. ಈ ಕೆಲಸದ ಪ್ರತಿ ಹಂತದಲ್ಲೂ ಒಡೆದ ಚೂರು ಉಳಿಯುತ್ತದೆ. ಮಂಡಿಯಲ್ಲಿ, ಸುಲಿಯುವ ಜಾಗದಲ್ಲಿ, ಮನೆಯ ಡಬ್ಬದಲ್ಲಿ, ಜೇಬಿನಲ್ಲಿ. ಬೆಂಗಳೂರಿನಲ್ಲಿ ಸಿಗರೇಟು ಬಿಟ್ಟವರು ಬಿಸ್ಕತ್ತು, ಚಿಪ್ಸ್ ಹುಡುಕಿಕೊಂಡು ಅಂಗಡಿಗೆ ಹೋಗಬೇಕು. ಇಲ್ಲಿ ಕೈ ಚಾಚಿದರೆ ಸಾಕು.

ಕೊಬ್ಬರಿ ಕೆಟ್ಟ ಆಹಾರವಲ್ಲ. ಆದರೆ ಅದು ಬಹಳ ಗಟ್ಟಿಯಾಗಿ ತುಂಬಿದ ಆಹಾರ. 100 ಗ್ರಾಂ ಕೊಬ್ಬರಿಯಲ್ಲಿ ಸುಮಾರು 660 ಕ್ಯಾಲೊರಿ, 60 ಗ್ರಾಂಗಿಂತ ಹೆಚ್ಚು ಕೊಬ್ಬು. ಹಸಿ ತೆಂಗಿನಕಾಯಿ ತುರಿಯಲ್ಲಿ ನೀರಿನ ಅಂಶ ಇರುವುದರಿಂದ ಅಷ್ಟೇ ತೂಕಕ್ಕೆ ಕ್ಯಾಲೊರಿ ಸುಮಾರು 350ರಿಂದ 440. ನೀರು ಹೋದ ಮೇಲೆ ಉಳಿಯುವುದೆಲ್ಲ ಸಾರವೇ. ಹಾಗಾಗಿ 30 ಗ್ರಾಂ ಕೊಬ್ಬರಿ, ಅಂದರೆ ಒಂದು ಸಣ್ಣ ಹಿಡಿ ಚೂರು, ಸುಮಾರು 200 ಕ್ಯಾಲೊರಿ.

ದಿನಕ್ಕೊಂದು ಪ್ಯಾಕ್ ಸೇದಿದಾಗ ನಿಕೋಟಿನ್ ಹೆಚ್ಚಾಗಿ ಸುಡುತ್ತಿದ್ದದ್ದೂ ಸುಮಾರು ಅಷ್ಟೇ. ಅಂದರೆ ಬಿಟ್ಟವರು ಮೊದಲಿನಷ್ಟೇ ಊಟ ಮಾಡಿದರೂ ದಿನಕ್ಕೆ ಒಂದು ಹಿಡಿ ಕೊಬ್ಬರಿಯಷ್ಟು ಮಿಗುತ್ತದೆ. ಮೇಲೆ ನಿಜವಾಗಿಯೂ ಒಂದು ಹಿಡಿ ಕೊಬ್ಬರಿ, ಒಂದು ಅಚ್ಚು ಬೆಲ್ಲ ಬಾಯಾಡಿಸಿದರೆ ಮಿಗುವುದು ಎರಡು ಪಟ್ಟಿಗಿಂತ ಹೆಚ್ಚಾಯಿತು. 20 ಗ್ರಾಂ ಬೆಲ್ಲ ಎಂದರೆ 75 ಕ್ಯಾಲೊರಿ. ಒಂದು ಕೆಜಿ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕಾಗದದ ಮೇಲೆ ದಿನಕ್ಕೆ 475 ಮಿಕ್ಕರೆ ಹದಿನಾರು ದಿನಕ್ಕೆ ಒಂದು ಕೆಜಿ. ದೇಹ ಇಷ್ಟು ನೇರವಾಗಿ ಲೆಕ್ಕ ಇಡುವುದಿಲ್ಲ, ತೂಕ ಏರಿದಂತೆ ಸುಡುವುದೂ ಏರುತ್ತದೆ. ಆದರೂ ದಿಕ್ಕು ಯಾವ ಕಡೆಗೆ ಎನ್ನುವುದು ಗೊತ್ತಾಗುತ್ತದೆ.

ಬೆಲ್ಲದ ಬಗ್ಗೆ ಒಂದು ಮಾತು. 'ಸಕ್ಕರೆ ಬಿಟ್ಟೆ, ಬೆಲ್ಲ ಮಾತ್ರ' ಎನ್ನುವವರು ಬಹಳ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಹೆಚ್ಚಿದೆ ನಿಜ, ಆದರೆ ಕ್ಯಾಲೊರಿ ಸಕ್ಕರೆಗೆ ತೀರ ಹತ್ತಿರ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲೂ ದೊಡ್ಡ ವ್ಯತ್ಯಾಸವಿಲ್ಲ.

ಇನ್ನು ಫಾರ್ವರ್ಡ್‌ಗಳು

*ಖಾಲಿ ಹೊಟ್ಟೆಗೆ ಕೊಬ್ಬರಿ ಎಣ್ಣೆ ಕುಡಿದರೆ ಬೊಜ್ಜು ಕರಗುತ್ತದೆ.* ಕರಗುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ, ಅದು ಕೊಬ್ಬರಿ ಎಣ್ಣೆಯಾದರೂ ಕಡಲೆಕಾಯಿ ಎಣ್ಣೆಯಾದರೂ. ಎರಡು ಚಮಚ ಕುಡಿದರೆ ನಮ್ಮ 200ರ ಗಡಿ ದಾಟಿತು. ಈ ನಂಬಿಕೆ ಎಲ್ಲಿಂದ ಬಂತು ಎನ್ನುವುದು ಸ್ವಾರಸ್ಯದ ಸಂಗತಿ. ಪ್ರಯೋಗಾಲಯದಲ್ಲಿ ಮಧ್ಯಮ ಸರಪಳಿಯ ಕೊಬ್ಬುಗಳನ್ನು ಮಾತ್ರ ಬೇರ್ಪಡಿಸಿ ಮಾಡಿದ ವಿಶೇಷ ಎಣ್ಣೆಯ ಮೇಲೆ ಕೆಲವು ಅಧ್ಯಯನಗಳು ನಡೆದವು. ಅದರಿಂದ ತೂಕಕ್ಕೆ ಅಲ್ಪ ಪ್ರಯೋಜನ ಕಂಡಿತು. ಕೊಬ್ಬರಿ ಎಣ್ಣೆಯಲ್ಲಿ ಆ ಕೊಬ್ಬುಗಳ ಪಾಲು ಕಡಿಮೆ. ಅದರ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ, ಅದು ದೇಹದಲ್ಲಿ ಬಹುಪಾಲು ಮಾಮೂಲಿ ಉದ್ದ ಸರಪಳಿಯ ಕೊಬ್ಬಿನಂತೆಯೇ ಹೀರಿಕೊಳ್ಳುತ್ತದೆ. ಯಾವುದೋ ಎಣ್ಣೆಯ ಪ್ರಮಾಣಪತ್ರವನ್ನು ಇನ್ನೊಂದು ಎಣ್ಣೆಯ ಡಬ್ಬಕ್ಕೆ ಅಂಟಿಸಿದ ಹಾಗಾಯಿತು. 2020ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ 'ಕೆಟ್ಟ' ಕೊಲೆಸ್ಟರಾಲನ್ನು ಸುಮಾರು 10 ಮಿಲಿಗ್ರಾಂನಷ್ಟು ಏರಿಸುತ್ತದೆ. ವರ್ಷಾನುಗಟ್ಟಲೆ ಸೇದಿದವರ ರಕ್ತನಾಳ ಮೊದಲೇ ದಣಿದಿರುತ್ತದೆ. ಅಡುಗೆಗೆ ಅಳತೆಯಲ್ಲಿ ಬಳಸುವುದು ಬೇರೆ, ಔಷಧಿ ಎಂದು ಲೋಟದಲ್ಲಿ ಕುಡಿಯುವುದು ಬೇರೆ.

*ಎಳನೀರು ನಿಕೋಟಿನ್ ತೊಳೆಯುತ್ತದೆ.* ನಿಕೋಟಿನ್ ತೊಳೆಯಲು ಯಾರೂ ಬೇಡ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಯಕೃತ್ತೇ ಆ ಕೆಲಸ ಮಾಡುತ್ತದೆ. ಅದರಿಂದ ಹುಟ್ಟುವ ಕೊಟಿನಿನ್ ಎಂಬ ವಸ್ತು ಹೋಗಲು ಇನ್ನೂ ಕೆಲವು ದಿನ ಬೇಕು. ನೀವು ಎಳನೀರು ಕುಡಿದರೂ, ಬಾವಿ ನೀರು ಕುಡಿದರೂ, ಮೂರು ನಾಲ್ಕು ದಿನದಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ. ಫಾರ್ವರ್ಡ್ ಬರೆದವರಿಗೆ ಆ 'ಮೂರು ದಿನ' ಸಿಕ್ಕಿದ್ದೂ ಇಲ್ಲಿಂದಲೇ ಇರಬೇಕು. ಹಾಗೆಂದು ಎಳನೀರನ್ನು ತಳ್ಳಿಹಾಕಬೇಕಿಲ್ಲ. 100 ಮಿಲಿಗೆ ಸುಮಾರು 20 ಕ್ಯಾಲೊರಿ, ಸಿಹಿ ಸೋಡಾದ ಅರ್ಧ. ಬೀಡಿಯ ಆಸೆ ಬಂದಾಗ ಬಾಯಿಗೆ ಏನಾದರೂ ಬೇಕೆಂದರೆ ದಿನಕ್ಕೊಂದು ಎಳನೀರು ಒಳ್ಳೆಯ ಆಯ್ಕೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಷಿಯಂ ಹೆಚ್ಚು.

*ಬೆಲ್ಲ ಶ್ವಾಸಕೋಶ ತೊಳೆಯುತ್ತದೆ.* ತಿಂದದ್ದು ಹೋಗುವುದು ಅನ್ನನಾಳಕ್ಕೆ, ಹೊಗೆ ಹೋದದ್ದು ಶ್ವಾಸನಾಳಕ್ಕೆ. ಶ್ವಾಸನಾಳದ ಒಳಗೋಡೆಯ ಮೇಲೆ ಕಸ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆ ನಿಂತ ಮೇಲೆ ಅವು ಮತ್ತೆ ಕೆಲಸ ಶುರುಮಾಡುತ್ತವೆ. ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು, ಕಫ ಜಾಸ್ತಿಯಾಗುವುದು ಇದರಿಂದಲೇ. ಬೆಲ್ಲದ ಪಾತ್ರ ಇದರಲ್ಲಿ ಇಲ್ಲ.

*ಬೀಡಿ ಬದಲು ಎಲೆ ಅಡಿಕೆ ಹಾಕಿಕೊಳ್ಳಿ, ತೂಕ ಏರಲ್ಲ.* ಈ ಸಲಹೆ ಮಾತ್ರ ನಿಜಕ್ಕೂ ಅಪಾಯಕಾರಿ. ತೆಂಗಿನ ಜೊತೆ ಅಡಿಕೆ ಬೆಳೆಯುವ ಸೀಮೆಯಲ್ಲಿ ಇದು ಸುಲಭವಾಗಿ ಬಾಯಿಗೆ ಬರುತ್ತದೆ. ಹೊಗೆಸೊಪ್ಪು ಸೇರಿಸಿದರೆ ನಿಕೋಟಿನ್ ಚಟ ಹಾಗೇ ಉಳಿಯಿತು, ದಾರಿ ಬದಲಾಯಿತು ಅಷ್ಟೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿಗೆ ಕೆಲಸ ಬೇಕೆಂದರೆ ಏಲಕ್ಕಿ, ಲವಂಗ, ಸೋಂಪು ಸಾಕು.

*ಸೇದುವವರಿಗೆ ಹೊಟ್ಟೆ ಇರುವುದಿಲ್ಲ.* ಒಟ್ಟು ತೂಕ ಕಡಿಮೆ ಇರಬಹುದು. ಆದರೆ ಅಷ್ಟೇ ತೂಕದ, ಸೇದದವರಿಗೆ ಹೋಲಿಸಿದರೆ ಸೇದುವವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಹೆಚ್ಚು ಸೇರುವ ಪ್ರವೃತ್ತಿ ಕಂಡುಬಂದಿದೆ. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಅಂಥವರನ್ನೂ ನೀವು ನೋಡಿರುತ್ತೀರಿ.

ಹಳೆಯ ಟೀ ಲೆಕ್ಕ ಈಗ ನಡೆಯುವುದಿಲ್ಲ

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. ಬೀಡಿ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಟೀ, ಕಾಫಿಯ ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ದೇಹದಿಂದ ಕೆಫೀನ್ ಬೇಗ ಹೊರಹೋಗುತ್ತದೆ, ಅವರು ಎಂಟು ಹತ್ತು ಟೀ ಕುಡಿದರೂ ನಿದ್ದೆ ಮಾಡುತ್ತಾರೆ. ಬಿಟ್ಟ ಕೆಲವು ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ. ಅಷ್ಟೇ ಟೀ ಕುಡಿದರೂ ರಕ್ತದಲ್ಲಿ ಕೆಫೀನ್ ಮೊದಲಿಗಿಂತ ಬಹಳ ಹೆಚ್ಚು ಉಳಿಯುತ್ತದೆ. ಕೈ ನಡುಕ, ಚಡಪಡಿಕೆ, ರಾತ್ರಿ ನಿದ್ದೆ ಇಲ್ಲ. 'ಬೀಡಿ ಬಿಟ್ಟಿದ್ದಕ್ಕೆ ಹೀಗಾಗ್ತಿದೆ' ಎಂದು ಮನುಷ್ಯ ತಪ್ಪು ತಿಳಿಯುತ್ತಾನೆ. ನಿದ್ದೆ ಕೆಟ್ಟರೆ ಮಾರನೆಯ ದಿನ ಹಸಿವೂ ಏರುತ್ತದೆ.

ಟೀಯಲ್ಲಿ ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲೊರಿ. ಐದು ಟೀಗೆ 200. ಹಾಲಿನದು ಬೇರೆ. ಬಿಟ್ಟ ದಿನದಿಂದಲೇ ಟೀಯನ್ನು ಅರ್ಧಕ್ಕೆ ಇಳಿಸಿದರೆ ನಿದ್ದೆಯೂ ಉಳಿಯುತ್ತದೆ, ಕ್ಯಾಲೊರಿಯೂ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಟೀ ಅಂಗಡಿಯ ಬೆಂಚಿನ ಮೇಲೆಯೇ ತಾನೆ ಎದುರಿಗಿರುವವರು ಬೀಡಿ ಚಾಚುವುದು.

ಹಾಗಾದರೆ ತಿನ್ನುವುದು ಏನು, ಹೇಗೆ?

ಮೊದಲ ತಿಂಗಳು ಪಥ್ಯ ಬೇಡ. ಬೀಡಿಯನ್ನೂ ಬಿಟ್ಟು, ಅದೇ ದಿನದಿಂದ ಮುದ್ದೆಯನ್ನೂ ಅರ್ಧಕ್ಕಿಳಿಸಿ, ರಾತ್ರಿ ಊಟವನ್ನೂ ನಿಲ್ಲಿಸಲು ಹೋದವರು ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಹಸಿದ ಹೊಟ್ಟೆಯಲ್ಲಿ ಸೇದುವ ಆಸೆ ಇನ್ನೂ ಜೋರಾಗುತ್ತದೆ. ಬಿಟ್ಟ ಮೇಲಿನ ಸಿಡುಕು, ಚಡಪಡಿಕೆ ಮೊದಲ ವಾರದಲ್ಲಿ ಹೆಚ್ಚಿದ್ದು ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ. ಹಸಿವು ಮಾತ್ರ ಕೆಲವು ತಿಂಗಳು ಎಳೆಯುತ್ತದೆ. ಆ ಹಸಿವಿಗೆ ಊಟ ಕೊಡಬೇಕು, ಕುರುಕಲು ಕೊಡಬಾರದು. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಲಹೆ ಇನ್ನೊಂದಿಲ್ಲ.

ಬೆಳಗಿನ ತಿಂಡಿಯಿಂದ ಶುರುಮಾಡಿ. ಟೀ-ಬೀಡಿಯೇ ತಿಂಡಿಯಾಗಿದ್ದವರ ಹೊಟ್ಟೆ ಈಗ ಎಂಟು ಗಂಟೆಗೇ ಕೇಳುತ್ತದೆ. ಆಗ ರಾಗಿ ರೊಟ್ಟಿಯೋ, ಇಡ್ಲಿಯೋ, ಅಂಬಲಿಯೋ ಕೊಟ್ಟರೆ ಹನ್ನೊಂದಕ್ಕೆ ಕೊಬ್ಬರಿ ಡಬ್ಬ ಕರೆಯುವುದಿಲ್ಲ. ಮಧ್ಯಾಹ್ನದ ಮುದ್ದೆಗೆ ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು. ಹುರುಳಿಯಲ್ಲಿ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಪ್ರೋಟೀನ್, ನಾರು ಎರಡೂ ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತವೆ. ಈ ಸೀಮೆಯ ಹಳೆಯ ಊಟದಲ್ಲೇ ಎಲ್ಲವೂ ಇದೆ, ಓಟ್ಸ್ ಕೊಂಡು ತರುವ ಅಗತ್ಯ ನಮಗೆ ಕಾಣುವುದಿಲ್ಲ. ಮುದ್ದೆ ಒಂದಕ್ಕೆ ನಿಲ್ಲಿಸಿ, ಸಾರಿನ ಕಾಳು ಸೊಪ್ಪನ್ನು ಎರಡು ಸೌಟು ಜಾಸ್ತಿ ಮಾಡಿಕೊಳ್ಳಿ.

ಕೊಬ್ಬರಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಅದನ್ನು ಚಟ್ನಿಗೆ, ಸಾರಿಗೆ ರುಬ್ಬುವ ಅಡುಗೆಮನೆಯ ವಸ್ತುವಾಗಿ ಉಳಿಸಿಕೊಂಡು, ಜೇಬಿನಿಂದ ಮಾತ್ರ ಹೊರಗಿಡಿ. ಸಂಕ್ರಾಂತಿಯ ಎಳ್ಳು ಬೆಲ್ಲ, ಹಬ್ಬದ ಕಾಯಿ ಹೋಳಿಗೆ ತಿಂದರೆ ಯಾರಿಗೂ ಹೊಟ್ಟೆ ಬಂದಿಲ್ಲ. ಹೊಟ್ಟೆ ಬರುವುದು ದಿನಾ ಗಮನಕ್ಕೇ ಬಾರದೆ ಬಾಯಿಗೆ ಬೀಳುವ ಚೂರುಗಳಿಂದ. ಮಂಡಿಯಲ್ಲಿ ಕೂತು ಲೆಕ್ಕ ಬರೆಯುವವರು, ಅಂಗಡಿಯವರು, ಲಾರಿ ಓಡಿಸುವವರು ಇದನ್ನು ಹೆಚ್ಚು ಗಮನಿಸಬೇಕು. ದಿನವಿಡೀ ಕಾಯಿ ಸುಲಿಯುವವರಿಗೆ, ಮರ ಹತ್ತುವವರಿಗೆ ಒಂದು ಹಿಡಿ ಕೊಬ್ಬರಿ ಲೆಕ್ಕಕ್ಕಿಲ್ಲ. ಜೇಬಿಗೆ ಬೇಕೇ ಬೇಕೆಂದರೆ ಹುರಿಗಡಲೆ ಹಾಕಿಕೊಳ್ಳಿ, ಅದೂ ಒಂದೇ ಹಿಡಿ. ಸೌತೆಕಾಯಿ, ಸೀಬೆಕಾಯಿ, ಮಜ್ಜಿಗೆಗೆ ಲೆಕ್ಕ ಬೇಡ.

ಸೇದಬೇಕೆಂಬ ಆಸೆ ಒಂದು ಸಲ ಎದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಎದ್ದು ಬಿರುಸಾಗಿ ನಡೆದರೆ ಆಸೆ ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ತೋಟದ ಬದುವಿನ ಮೇಲೆ ಹತ್ತು ನಿಮಿಷ ಹೋಗಿ ಬಂದರೂ ಆಯಿತು. ನಡಿಗೆಯಿಂದ ಮೊದಲ ತಿಂಗಳಲ್ಲಿ ತೂಕ ಇಳಿದಂತೆ ಕಾಣುವುದಿಲ್ಲ, ವರ್ಷದ ಕೊನೆಗೆ ವ್ಯತ್ಯಾಸ ಗೊತ್ತಾಗುತ್ತದೆ. ದಿನವೂ ತೂಕ ನೋಡಬೇಡಿ, ವಾರಕ್ಕೊಮ್ಮೆ ಸಾಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ದರ್ಜಿಯ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ನೋಡಿ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು.

ಇನ್ನೊಂದು ಮುಜುಗರದ ವಿಷಯ. ಬೆಳಿಗ್ಗೆ ಬೀಡಿ ಹಚ್ಚದೆ ಹೊರಕಡೆ ಆಗುವುದಿಲ್ಲ ಎನ್ನುವವರಿದ್ದಾರೆ. ಅದು ಬರೀ ಅಭ್ಯಾಸವಲ್ಲ, ನಿಕೋಟಿನ್ ಕರುಳನ್ನೂ ಚಲಿಸುತ್ತದೆ. ಬಿಟ್ಟ ಮೇಲೆ ಕೆಲವು ವಾರ ಮಲಬದ್ಧತೆ ಆಗಬಹುದು. ಹೊಟ್ಟೆ ಉಬ್ಬರಿಸಿಕೊಂಡು ಬಿಗಿಯುತ್ತದೆ, ಅದನ್ನೇ ಬೊಜ್ಜು ಬಂತು ಎಂದುಕೊಳ್ಳುತ್ತಾರೆ. ನೀರು, ಸೊಪ್ಪು, ಕಾಳು, ರಾಗಿ, ನಡಿಗೆ ಇದಕ್ಕೂ ಅದೇ ಮದ್ದು.

ಸಕ್ಕರೆ ಕಾಯಿಲೆಯ ಭಯ ಎಷ್ಟು ನಿಜ?

ಅರ್ಧ ನಿಜ. ಅರ್ಧ ನಿಜವಾದ್ದರಿಂದಲೇ ಆ ಫಾರ್ವರ್ಡ್ ಅಷ್ಟು ಗಟ್ಟಿಯಾಗಿ ನಿಂತಿದೆ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಮೂರು ದೊಡ್ಡ ಗುಂಪುಗಳನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನ ಬಂತು. ಬಿಟ್ಟ ಮೇಲೆ ತೂಕ ಏರಿಸಿಕೊಂಡವರಲ್ಲಿ ಟೈಪ್ 2 ಮಧುಮೇಹದ ಅಪಾಯ ಕೆಲವು ವರ್ಷ ಏರಿ, ಐದರಿಂದ ಏಳನೇ ವರ್ಷದ ಹೊತ್ತಿಗೆ ಗರಿಷ್ಠವಾಗಿ, ಆಮೇಲೆ ಇಳಿಯಿತು. ತೂಕ ಏರಿಸಿಕೊಳ್ಳದವರಲ್ಲಿ ಆ ಏರಿಕೆ ಕಾಣಲಿಲ್ಲ. ಫಾರ್ವರ್ಡ್ ಇಲ್ಲಿಗೆ ನಿಲ್ಲುತ್ತದೆ. ಅದೇ ಅಧ್ಯಯನದ ಮುಂದಿನ ಭಾಗ ಹೀಗಿದೆ: ಹತ್ತು ಕೆಜಿಗಿಂತ ಹೆಚ್ಚು ಏರಿಸಿಕೊಂಡವರೂ ಸೇರಿದಂತೆ, ಬಿಟ್ಟವರೆಲ್ಲರಲ್ಲಿ ಹೃದ್ರೋಗದಿಂದ ಸಾಯುವ ಅಪಾಯ, ಸೇದುತ್ತಲೇ ಉಳಿದವರಿಗಿಂತ ಕಡಿಮೆ ಇತ್ತು.

ಸೇದುವುದು ಮಧುಮೇಹದಿಂದ ಕಾಪಾಡುತ್ತದೆ ಎನ್ನುವುದಂತೂ ತಲೆಕೆಳಗಾದ ಮಾತು. ಸೇದುವವರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಸೇದದವರಿಗಿಂತ 30ರಿಂದ 40% ಹೆಚ್ಚು. ಬೀಡಿಯಾದರೆ ಪರವಾಗಿಲ್ಲ ಎನ್ನುವ ಮಾತೂ ನಿಲ್ಲುವುದಿಲ್ಲ: ಬೀಡಿ ಹೊಗೆಯಲ್ಲಿ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚು.

ಈಗಾಗಲೇ ಮಧುಮೇಹ ಇರುವವರು ಬಿಡುವ ಮೊದಲು ವೈದ್ಯರಿಗೆ ಹೇಳಬೇಕು. ಮೊದಲ ತಿಂಗಳುಗಳಲ್ಲಿ ಸಕ್ಕರೆ ಮಟ್ಟ ಏರುಪೇರಾಗಬಹುದು, ಮಾತ್ರೆ ಅಥವಾ ಇನ್ಸುಲಿನ್ ಅಳತೆ ಬದಲಿಸಬೇಕಾಗಬಹುದು. ಕೆಫೀನ್ ಒಡೆಯುವ ಅದೇ ಕಿಣ್ವ ಥಿಯೋಫಿಲಿನ್ ಎಂಬ ಉಬ್ಬಸದ ಮಾತ್ರೆಯನ್ನೂ, ಓಲಾಂಜಪೈನ್, ಕ್ಲೋಜಪೈನ್‌ನಂಥ ಮಾನಸಿಕ ಕಾಯಿಲೆಯ ಔಷಧಿಗಳನ್ನೂ ಒಡೆಯುತ್ತದೆ. ಇವನ್ನು ತೆಗೆದುಕೊಳ್ಳುವವರೂ ಹೇಳಲೇಬೇಕು.

ತೂಕ ಏರಬೇಕಾದವರೂ ಇದ್ದಾರೆ

ಸರಾಸರಿ ಲೆಕ್ಕಗಳು ಬಹುಪಾಲು ಪಾಶ್ಚಾತ್ಯ ದೇಶಗಳಿಂದ ಬಂದವು. ಅಲ್ಲಿ ಬಿಡುವವನು ಆಗಲೇ ದಪ್ಪಗಿರುತ್ತಾನೆ. ನಮ್ಮ ಹಳ್ಳಿಗಳಲ್ಲಿ ಮೂವತ್ತು ನಲವತ್ತು ವರ್ಷ ಬೀಡಿ ಸೇದಿದ ಕೂಲಿಯವರಲ್ಲಿ ಬಹಳ ಮಂದಿ ಕೆನ್ನೆ ಒಳಗೆ ಹೋದವರು. ಅವರ ತೂಕ ನಾಲ್ಕು ಕೆಜಿ ಏರಿದರೆ ಅದನ್ನು ಅಡ್ಡಪರಿಣಾಮ ಎನ್ನಲಾಗದು, ದೇಹ ತನಗೆ ಸೇರಬೇಕಾದ್ದನ್ನು ಪಡೆಯುತ್ತಿದೆ. ಇಂಥವರಿಗೆ ಕೊಬ್ಬರಿ ಬೆಲ್ಲ ಬೇಡ ಎನ್ನಲು ನಮಗೆ ಕಾರಣವಿಲ್ಲ.

ಬಿಟ್ಟ ಮೇಲೂ ತೂಕ ಇಳಿಯುತ್ತಲೇ ಇದ್ದರೆ, ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ. ಸೇದುವವರಲ್ಲಿ ಕ್ಷಯದ ಅಪಾಯ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೂ ಚಿಕಿತ್ಸೆಗೂ ದುಡ್ಡು ಕೊಡಬೇಕಿಲ್ಲ.

ನೆರವು ಎಲ್ಲಿ ಸಿಗುತ್ತದೆ

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ 8.8% ಸೇದುತ್ತಾರೆ. ಹೆಚ್ಚಿನವರು ಬಿಡಲು ನೋಡುವುದು ಯಾರ ನೆರವೂ ಇಲ್ಲದೆ, ಬರೀ ಹಠದಿಂದ. ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಳಸಿದರೆ ಬಿಡುವಲ್ಲಿ ಗೆಲ್ಲುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟಾಗುತ್ತದೆ, ಬಳಸುವಷ್ಟು ಕಾಲ ತೂಕದ ಏರಿಕೆಯೂ ತಡವಾಗುತ್ತದೆ. 2 ಮಿಲಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಬಬಲ್ ಗಮ್‌ನಂತೆ ಅಗಿಯುತ್ತ ಹೋದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಗ್ಯಾರಂಟಿ. ಖಾರ ತಾಗುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಸಂದಿಯಲ್ಲಿ ಇಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬ್ಯುಪ್ರೋಪಿಯಾನ್, ವೆರೆನಿಕ್ಲಿನ್‌ನಂಥ ಮಾತ್ರೆಗಳನ್ನು ವೈದ್ಯರೇ ಬರೆದುಕೊಡಬೇಕು.

ತಂಬಾಕು ಬಿಡಲು ಬಯಸುವವರಿಗೆ ಉಚಿತ ದೂರವಾಣಿ ಸಹಾಯವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತನಾಡಬಹುದು. ತೂಕದ ಭಯವಿದ್ದರೆ ಅದನ್ನೂ ಮೊದಲ ಕರೆಯಲ್ಲೇ ಹೇಳಿ. ನಂಬರು ಬರೆದಿಟ್ಟುಕೊಳ್ಳಲು ಮರೆತರೂ ಚಿಂತೆಯಿಲ್ಲ, ಪ್ಯಾಕಿನ ಮೇಲೆ, ಆ ಭಯಾನಕ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ.